ಎಕ್ಸ್-ಕಿರಣ ಲೇಸರ್ ಮತ್ತು ಅತಿಕ್ಷಿಪ್ರ ಅಣು ಭೌತಶಾಸ್ತ್ರ

ಅತಿಕ್ಷಿಪ್ರ ಅಣು ಭೌತಶಾಸ್ತ್ರವು ಅಣುಗಳೊಳಗೆ ಫೆಮ್ಟೊಸೆಕೆಂಡುಗಳ ಅವಧಿಯಲ್ಲಿ ನಡೆಯುವ ಬದಲಾವಣೆಗಳನ್ನು ಅಧ್ಯಯನ ಮಾಡುವ ಭೌತಶಾಸ್ತ್ರದ ಶಾಖೆ. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ದೊರೆಯುವುದು ಒಂದು ಫೆಮ್ಟೊಸೆಕೆಂಡ್. ಒಂದು ಸೆಕೆಂಡಿನಲ್ಲಿ ಎಷ್ಟು ಫೆಮ್ಟೊಸೆಕೆಂಡುಗಳಿವೆಯೋ ಅಷ್ಟು ಸೆಕೆಂಡುಗಳು ಕಳೆಯಲು ಸುಮಾರು 3.17 ಕೋಟಿ ವರ್ಷಗಳು ಬೇಕು. ಹೈಡ್ರೋಜನ್ ಅಣು ಒಮ್ಮೆ ಕಂಪಿಸಲು ಸುಮಾರು 8 ಫೆಮ್ಟೊಸೆಕೆಂಡು ಸಾಕು.

ಹಿನ್ನೆಲೆ

ಲೇಸರ್ ಸ್ಪಂದಗಳಿಂದ ರಾಸಾಯನಿಕ ಕ್ರಿಯೆಗಳನ್ನು ನಡೆಯುತ್ತಿರುವಾಗಲೇ ಗಮನಿಸಿದ ಅಹ್ಮದ್ ಜವೈಲ್ ಅವರಿಗೆ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಗೋಚರ ಬೆಳಕಿನ ತರಂಗಾಂತರವು ಪರಮಾಣುಗಳ ನಡುವಿನ ಅಂತರಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಆ ಅಂತರಕ್ಕೆ ಹೊಂದುವುದು ಎಕ್ಸ್-ಕಿರಣ. ತೀವ್ರ ಹಾಗೂ ಕಿರು ಅವಧಿಯ ಎಕ್ಸ್-ಕಿರಣ ಸ್ಪಂದಗಳನ್ನು ಮುಕ್ತ-ಎಲೆಕ್ಟ್ರಾನ್ ಲೇಸರ್‌ಗಳು ನೀಡುತ್ತವೆ. ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್ 2009ರಲ್ಲಿಯೂ, ಹ್ಯಾಂಬರ್ಗ್ ಸಮೀಪದ 3.4 ಕಿ.ಮೀ. ಉದ್ದದ ಯುರೋಪಿಯನ್ ಎಕ್ಸ್‌ಎಫ್‌ಇಎಲ್ 2017ರಲ್ಲಿಯೂ ಕಾರ್ಯಾರಂಭ ಮಾಡಿದವು.

ಮೂಲ ಸಮಸ್ಯೆ

ಇಷ್ಟು ತೀವ್ರವಾದ ಕಿರಣವು ತಾನು ತೋರಿಸಬೇಕಾದ ಅಣುವನ್ನೇ ನಾಶಮಾಡುತ್ತದೆ. ಪರಮಾಣುವಿನ ಒಳಕವಚದ ಎಲೆಕ್ಟ್ರಾನ್ ಮೊದಲು ಹೊರಬೀಳುತ್ತದೆ. ಆ ತೆರವನ್ನು ಹೊರಕವಚದ ಎಲೆಕ್ಟ್ರಾನ್ ತುಂಬುವಾಗ ಬಿಡುಗಡೆಯಾಗುವ ಶಕ್ತಿಯಿಂದ ಇನ್ನೊಂದು ಎಲೆಕ್ಟ್ರಾನ್ ಹೊರಹೋಗಬಹುದು. ಇದು ಓಜೆ ಪರಿಣಾಮ. ಹೀಗೆ ಧನ ವಿದ್ಯುದಂಶ ಹೆಚ್ಚಿದಂತೆ ಪರಮಾಣುಗಳು ಪರಸ್ಪರ ವಿಕರ್ಷಿಸಿ ಅಣು ಸಿಡಿಯುತ್ತದೆ. ಸ್ಪಂದವು ಸಾಕಷ್ಟು ಕಿರಿದಾಗಿದ್ದರೆ ಸಿಡಿಯುವ ಮೊದಲೇ ಚಿತ್ರ ಪಡೆಯಬಹುದೆಂದು 2000ರಲ್ಲಿ ರಿಚರ್ಡ್ ನ್ಯೂಟ್ಸ್ ಮತ್ತು ಸಹೋದ್ಯೋಗಿಗಳು ಗಣಕ ಲೆಕ್ಕಾಚಾರದಿಂದ ತೋರಿಸಿದರು. ದೊರೆತ ಚಿತ್ರವು ಅಣುವಿನದೋ, ಹಾನಿಗೊಂಡ ಅದರ ಅವಶೇಷದ್ದೋ ಎಂಬುದನ್ನು ನಿರ್ಧರಿಸಲು ಸಿದ್ಧಾಂತ ಅನಿವಾರ್ಯ.

ಸೈದ್ಧಾಂತಿಕ ಸಂಶೋಧನೆ

ಈ ಕ್ಷೇತ್ರದ ಡಾಕ್ಟರೇಟ್ ವಿದ್ಯಾರ್ಥಿಯು ಕ್ವಾಂಟಂ ಸಿದ್ಧಾಂತದ ಆಧಾರದಲ್ಲಿ ಪ್ರತಿಯೊಂದು ಘಟನೆಯ ಸಂಭವನೀಯತೆಯನ್ನು ಲೆಕ್ಕಹಾಕಿ ಫಲಿತಾಂಶವನ್ನು ಪ್ರಯೋಗದೊಂದಿಗೆ ಹೋಲಿಸುತ್ತಾನೆ ಅಥವಾ ಹೋಲಿಸುತ್ತಾಳೆ. ಲೆಕ್ಕ ಸುಲಭವಲ್ಲ. ಕ್ಸೆನಾನ್‌ನ 54 ಎಲೆಕ್ಟ್ರಾನುಗಳಲ್ಲಿ ಅತ್ಯಂತ ಒಳಗಿನ ಎರಡನ್ನು ಬಿಟ್ಟರೂ, ಉಳಿದವು ಖಾಲಿಯಾಗುತ್ತ ಹೋಗುವ ವಿನ್ಯಾಸಗಳು 2 ಕೋಟಿಗೂ ಮಿಕ್ಕುತ್ತವೆ. ಆದ್ದರಿಂದ ಎಲ್ಲವನ್ನೂ ಬಿಡಿಸದೆ, ಯಾದೃಚ್ಛಿಕ ಆಯ್ಕೆಯ ಮಾಂಟೆ ಕಾರ್ಲೊ ವಿಧಾನವನ್ನು ಬಳಸಲಾಗುತ್ತದೆ.

2017ರಲ್ಲಿ ಪ್ರಕಟವಾದ ಅಯೋಡೋಮೀಥೇನ್ ಪ್ರಯೋಗ ಪ್ರಸಿದ್ಧವಾದುದು. ಎಲ್‌ಸಿಎಲ್‌ಎಸ್ ಸ್ಪಂದದ ಹೊಡೆತಕ್ಕೆ ಈ ಅಣುವು ತನ್ನ 62 ಎಲೆಕ್ಟ್ರಾನುಗಳಲ್ಲಿ 54ನ್ನು ಕಳೆದುಕೊಂಡಿತು. ಕಿರಣವನ್ನು ಹೆಚ್ಚಾಗಿ ಹೀರಿದ್ದು ಅಯೋಡಿನ್. ಬರಿದಾದ ಅದು ನೆರೆಯ ಕಾರ್ಬನ್ ಮತ್ತು ಹೈಡ್ರೋಜನ್‌ಗಳಿಂದ ಎಲೆಕ್ಟ್ರಾನುಗಳನ್ನು ಸೆಳೆದು, ಅವನ್ನೂ ಕಳೆದುಕೊಂಡಿತು. ಅಯೋಡಿನ್ ಒಂಟಿಯಾಗಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ. ಈ ವಿವರಣೆ ದೊರೆತದ್ದು ಹ್ಯಾಂಬರ್ಗ್‌ನ ಡೆಸಿ ಸಂಸ್ಥೆಯ ರಾಬಿನ್ ಸಾಂತ್ರಾ ಅವರ ತಂಡದ ಲೆಕ್ಕಾಚಾರಗಳಿಂದ. ಭಾರವಾದ ಪರಮಾಣುಗಳಿರುವ ಪ್ರೋಟೀನುಗಳ ಚಿತ್ರಣದಲ್ಲಿ ಹಾನಿಯನ್ನು ಕಡಿಮೆ ಅಂದಾಜು ಮಾಡಬಾರದೆಂಬುದು ಇದರ ಪಾಠ.

ಕರ್ನಾಟಕದಲ್ಲಿ

ಭಾರತದಲ್ಲಿ ಎಕ್ಸ್-ಕಿರಣ ಮುಕ್ತ-ಎಲೆಕ್ಟ್ರಾನ್ ಲೇಸರ್ ಇಲ್ಲ. ಆದರೂ ಬೆಂಗಳೂರಿನಲ್ಲಿ ಬೆಳಕು ಮತ್ತು ಅಣುಗಳ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದ ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ಅತಿಕ್ಷಿಪ್ರ ರಾಮನ್ ನಷ್ಟ ರೋಹಿತದರ್ಶನವನ್ನು ಬೆಳೆಸಿತು. ಸೈದ್ಧಾಂತಿಕ ಸಂಶೋಧನೆಗೆ ಯಂತ್ರದ ಸಾಮೀಪ್ಯ ಕಡ್ಡಾಯವಲ್ಲ. ಗಣಿತ, ಗಣಕಶಕ್ತಿ ಮತ್ತು ಪ್ರಯೋಗಕಾರರ ಸಹಯೋಗವಿದ್ದರೆ ದೂರದಿಂದಲೂ ಕೆಲಸ ಸಾಧ್ಯ.