ಸ್ಕ್ಯಾನಿಗೂ ಮೊದಲು ಸುತ್ತಿಗೆ

ನರರೋಗ ವಿಭಾಗದ ಒಪಿಡಿಗೆ ಬರುವ ಬಹಳ ಜನರ ಕಂಕುಳಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರ್ ಇರುತ್ತದೆ. ಕೂತವರೇ ಅದನ್ನು ಮೇಜಿನ ಮೇಲಿಡುತ್ತಾರೆ. ಡಾಕ್ಟರು ಎಷ್ಟೋ ಸಲ ಅದನ್ನು ಪಕ್ಕಕ್ಕೆ ಸರಿಸಿ, ‘ಏನಾಯ್ತು, ಮೊದಲಿಂದ ಹೇಳಿ’ ಎನ್ನುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತೆಗೆಸಿದ್ದನ್ನು ನೋಡದೆ ಮಾತಿಗೆ ಕೂತರಲ್ಲ ಎಂದು ಕೆಲವರಿಗೆ ಮುನಿಸು. ಆದರೆ ಈ ವಿಭಾಗದ ಕಸುಬೇ ಹಾಗೆ. ಮೈಗ್ರೇನ್ ಎನ್ನುವ ಅರೆತಲೆನೋವನ್ನು ಗುರುತಿಸುವುದು ರೋಗಿಯ ಮಾತಿನಿಂದಲೇ ಹೊರತು ಸ್ಕ್ಯಾನಿನಿಂದಲ್ಲ. ಪಾರ್ಕಿನ್ಸನ್ ಕಾಯಿಲೆ ಇದ್ದವರ ಮಾಮೂಲಿ ಎಂಆರ್‌ಐ ‘ನಾರ್ಮಲ್’ ಎಂದೇ ಬರಬಹುದು.

ಇಂಥ ವಿಭಾಗವಿರುವ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ಹುಟ್ಟಿದ್ದು 1974ರಲ್ಲಿ, ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ. ಆ ಚರಿತ್ರೆಯಿಂದಾಗಿಯೇ ಇರಬೇಕು, ಅಲ್ಲಿಗೆ ಹೋದರು ಎಂದರೆ ‘ತಲೆ ಕೆಟ್ಟಿದೆಯಂತೆ’ ಎಂದು ಪಿಸುಗುಡುವವರು ಈಗಲೂ ಇದ್ದಾರೆ. ಆದರೆ ನರರೋಗ, ನರಶಸ್ತ್ರಚಿಕಿತ್ಸೆ, ಮನೋರೋಗ ಮೂರೂ ಅಲ್ಲಿ ಬೇರೆ ಬೇರೆ ವಿಭಾಗಗಳು. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಮೊದಲು ಕಿರಿಯ ವೈದ್ಯರು ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯರು ಅದನ್ನೇ ಮತ್ತೆ ಕೇಳುತ್ತಾರೆ. ಸಿಡುಕಬೇಡಿ. ಎರಡನೇ ಸಲ ಹೇಳುವಾಗ ಮರೆತಿದ್ದು ನೆನಪಾಗುವುದುಂಟು.

ಫಿಟ್ಸ್ ವಿಷಯದಲ್ಲಂತೂ ರೋಗಿಗಿಂತ ಮುಖ್ಯರಾದವರು ಕಣ್ಣಾರೆ ಕಂಡವರು. ಪ್ರಜ್ಞೆ ತಪ್ಪಿದವರಿಗೆ ನಡುವೆ ಏನಾಯಿತೆಂದು ಹೇಗೆ ಗೊತ್ತಾಗಬೇಕು? ಯಾವ ಕೈ ಮೊದಲು ಅದುರಿತು, ಕತ್ತು ಯಾವ ಕಡೆ ತಿರುಗಿತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ನಾಲಗೆಯ ಅಂಚನ್ನು ಕಚ್ಚಿಕೊಂಡಿದ್ದರೋ, ಎಚ್ಚರವಾಗಲು ಎಷ್ಟು ಹೊತ್ತು ಹಿಡಿಯಿತು — ಇದನ್ನೆಲ್ಲ ಹೆಂಡತಿಯೋ ಹಾಸ್ಟೆಲ್ ಗೆಳೆಯನೋ ಹೇಳಬೇಕು. ಬೇರೆ ಊರಲ್ಲಿದ್ದರೆ ಫೋನಿನಲ್ಲಾದರೂ ಸಿಗುವಂತಿರಲಿ. ಆ ಹೊತ್ತಿನಲ್ಲಿ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರೆ ಸಂಕೋಚಪಡದೆ ತೋರಿಸಿ. ಕೈಗೆ ಕಬ್ಬಿಣ ಕೊಟ್ಟೆವು, ಈರುಳ್ಳಿ ಮೂಸಿಸಿದೆವು ಎನ್ನುವುದನ್ನು ಡಾಕ್ಟರು ಬೇಕಾದಷ್ಟು ಕೇಳಿರುತ್ತಾರೆ. ಮಾಡಬೇಕಾದದ್ದು ಮಗ್ಗುಲಿಗೆ ಮಲಗಿಸುವುದು. ಐದು ನಿಮಿಷ ಮೀರಿದರೆ ಆಸ್ಪತ್ರೆ.

ಕೇಳಿ ತಿಳಿಯುವುದರ ಬಲಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ: ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು ಇಂಥ 279 ಮಂದಿಯ ವಿವರ ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಅಪರೂಪವಾದ ಇದು ಚೆಂಬುಗಟ್ಟಲೆ ಸುಡುನೀರು ತಲೆಗೆ ಸುರಿದುಕೊಳ್ಳುವ ನಮ್ಮಲ್ಲಿ ಹೆಚ್ಚು. ಇಂಥವರಲ್ಲಿ ಬಹುತೇಕರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ಬೇರೆ ಸಮಯದಲ್ಲಿ ಸರಿಯಾಗಿಯೇ ಇರುತ್ತದೆ. ‘ತಲೆಗೆ ಸ್ನಾನ ಮಾಡುವಾಗಲೇ ಬಂತಾ?’ ಎಂಬ ಒಂದು ಪ್ರಶ್ನೆ ಕೇಳದಿದ್ದರೆ ಕಾರಣ ಕೈತಪ್ಪಿ ಹೋಗುತ್ತದೆ. ಕೆಲವರಿಗೆ ನೀರಿನ ಬಿಸಿ ತಗ್ಗಿಸಿದರೇ ಸಾಕು. ಇನ್ನು ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ.

ಇನ್ನು ಪರೀಕ್ಷೆ. ಅದು ನೀವು ಬಾಗಿಲಿಂದ ಕುರ್ಚಿಯವರೆಗೆ ನಡೆದು ಬರುವಾಗಲೇ ಶುರುವಾಗಿರುತ್ತದೆ: ಒಂದು ಕೈ ಬೀಸದೆ ಜೋತುಬಿದ್ದಿದೆಯೆ, ತಿರುಗುವಾಗ ಪುಟ್ಟಪುಟ್ಟ ಹೆಜ್ಜೆ ಬೇಕಾಗುತ್ತದೆಯೆ ಎಂದು ನೋಡಿರುತ್ತಾರೆ. ಆಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ಕಾಲು ಜೋಡಿಸಿ ಕಣ್ಣು ಮುಚ್ಚಿ ನಿಲ್ಲುವುದು, ಡಾಕ್ಟರ ಬೆರಳನ್ನೂ ನಿಮ್ಮ ಮೂಗನ್ನೂ ಸರದಿಯಲ್ಲಿ ಮುಟ್ಟುವುದು. ಮಂಡಿಗೆ ರಬ್ಬರ್ ಸುತ್ತಿಗೆ. ಕಂಪಿಸುವ ಶ್ರುತಿಕವೆಯನ್ನು ಕಾಲ್ಬೆರಳಿನ ಮೂಳೆಗೆ ಇಟ್ಟು ‘ಜುಂ ಅಂತಿದೆಯಾ, ನಿಂತಾಗ ಹೇಳಿ’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯಿಂದ ನರ ಸೊರಗಿದ್ದರೆ ಅದು ಗೊತ್ತೇ ಆಗದಿರಬಹುದು. ಅಂಗಾಲನ್ನು ಗೀರಿ ಹೆಬ್ಬೆರಳು ಕೆಳಗೆ ಮಡಚುತ್ತದೋ ಮೇಲೇಳುತ್ತದೋ ನೋಡುವುದು ಬಬಿನ್‌ಸ್ಕಿ ಎಂಬ ಫ್ರೆಂಚ್ ವೈದ್ಯ 1896ರಲ್ಲಿ ಕಂಡುಕೊಂಡ ಉಪಾಯ. ದೊಡ್ಡವರಲ್ಲಿ ಮೇಲೆದ್ದರೆ ಮೆದುಳು ಅಥವಾ ಬೆನ್ನುಹುರಿಯ ಕಡೆ ಅನುಮಾನ. ಮಂಡಿಯವರೆಗೆ ಮಡಚಲಾಗದ ಬಿಗಿ ಜೀನ್ಸ್ ಆ ದಿನ ಬೇಡ.

ಮರೆವಿನ ದೂರಿದ್ದರೆ ಮೂರು ಹೆಸರು ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳುತ್ತಾರೆ, ನೂರರಿಂದ ಏಳೇಳು ಕಳೆಯಿರಿ ಎನ್ನುತ್ತಾರೆ. ಶಾಲೆ ಕಾಣದವರಿಗೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸುವುದುಂಟು. ‘ನಾನೇನು ಹುಚ್ಚೀನಾ?’ ಎಂದು ಅಜ್ಜಿಗೆ ಸಿಟ್ಟು ಬರಬಹುದು. ಅದಕ್ಕಿಂತ ತೊಂದರೆ ಕೊಡುವವರು ಜೊತೆಗೆ ಬಂದ ಮಗ ಸೊಸೆ: ಅಜ್ಜಿ ಬಾಯಿ ತೆರೆಯುವ ಮುಂಚೆಯೇ ಉತ್ತರ ಹೇಳಿಬಿಡುತ್ತಾರೆ. ಅಷ್ಟು ಹೊತ್ತು ಸುಮ್ಮನಿರುವುದು ಅವರಿಗೇ ಪರೀಕ್ಷೆ.

ಇಇಜಿ ಮಾಡಿಸಲು ಹೇಳಿದರೆ ಹಿಂದಿನ ದಿನ ತಲೆಗೆ ಎಣ್ಣೆಯ ಜಿಡ್ಡು ಉಳಿಯದಂತೆ ಸ್ನಾನ ಮಾಡಬೇಕು. ವೈರುಗಳನ್ನು ಕಂಡು ಹೆದರುವುದು ಬೇಡ, ಅವು ಶಾಕ್ ಕೊಡುವುದಿಲ್ಲ. ನರಗಳ ವೇಗ ಅಳೆಯುವ ಪರೀಕ್ಷೆಯಲ್ಲಿ ಮಾತ್ರ ಚುರುಕ್ ಎನ್ನುತ್ತದೆ.

ಬಾಯಿ ಸೊಟ್ಟಗಾಗಿ, ಕೈ ಬಿದ್ದುಹೋಗಿ, ಮಾತು ತೊದಲಿದರೆ ಅಪಾಯಿಂಟ್‌ಮೆಂಟಿಗೆ ಕಾಯುವಂತಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಲಕ್ವಕ್ಕೆ ಎಣ್ಣೆ ತಿಕ್ಕಿಸಲು ಊರೂರು ಅಲೆಯುವುದರಲ್ಲೇ ಅದು ಕಳೆದುಹೋಗುತ್ತದೆ. 108ಕ್ಕೆ ಫೋನ್ ಮಾಡಿ, ರೋಗಿಯನ್ನು ಕೊನೆಯ ಸಲ ಸರಿಯಾಗಿ ಕಂಡದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ತುರ್ತು ವಿಭಾಗದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.