ಕುಗ್ಗುತ್ತಿರುವ ಜಪಾನ್: ಜನರ ಮಾತು, ಲೆಕ್ಕದ ಮಾತು

2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳು 6 ಲಕ್ಷದ 86 ಸಾವಿರ. ಅದೇ ವರ್ಷ ತೀರಿಕೊಂಡವರು ಸುಮಾರು 16 ಲಕ್ಷ. ನಡುವಿನ ಅಂತರ 9 ಲಕ್ಷಕ್ಕೂ ಮೇಲೆ. ಹುಬ್ಬಳ್ಳಿ-ಧಾರವಾಡದಷ್ಟು ದೊಡ್ಡ ಊರೊಂದು ಒಂದೇ ವರ್ಷದಲ್ಲಿ ಇಲ್ಲವಾದ ಹಾಗೆ. 2008ರ ಸುಮಾರಿಗೆ 12.8 ಕೋಟಿ ಮುಟ್ಟಿದ್ದ ಜನಸಂಖ್ಯೆ 12.4 ಕೋಟಿಗಿಂತ ಕೆಳಗಿಳಿದಿದೆ. ನೂರಕ್ಕೆ 29 ಮಂದಿ 65 ದಾಟಿದವರು.

ಇದರ ಬಗ್ಗೆ ಅಲ್ಲಿನ ಚುನಾವಣಾ ಭಾಷಣಗಳಲ್ಲೂ ನಮ್ಮ ಮೊಬೈಲಿಗೆ ಬರುವ ವಿಡಿಯೊಗಳಲ್ಲೂ ಕೆಲವು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಕೆಲವು ಪೂರಾ ತಪ್ಪು, ಕೆಲವು ಅರ್ಧ ನಿಜ. ಹೆಚ್ಚು ಹಾನಿ ಮಾಡಿರುವುದು ಅರ್ಧ ನಿಜಗಳೇ. ಅವುಗಳನ್ನು ನೆಚ್ಚಿಕೊಂಡು ಸರ್ಕಾರ ಕಾನೂನುಗಳನ್ನೇ ಕಟ್ಟಿದೆ, ಆ ಕಾನೂನುಗಳ ಒಳಗೆ ಲಕ್ಷಾಂತರ ಜನ ಬದುಕುತ್ತಿದ್ದಾರೆ.

“ಸರ್ಕಾರ ಕೈಬಿಚ್ಚಿ ದುಡ್ಡು ಕೊಟ್ಟರೆ ಮಕ್ಕಳಾಗುತ್ತವೆ, ಜನಸಂಖ್ಯೆ ಮತ್ತೆ ಏರುತ್ತದೆ”

ಜಪಾನ್ ಎಚ್ಚೆತ್ತದ್ದು 1990ರಲ್ಲಿ. ಹಿಂದಿನ ವರ್ಷದ ಫಲವತ್ತತೆ ದರ (ಒಬ್ಬ ಹೆಣ್ಣು ಸರಾಸರಿ ಹೆರುವ ಮಕ್ಕಳು) 1.57 ಎಂಬ ಅಂಕಿ ಹೊರಬಿದ್ದಾಗ ದೇಶವೇ ಬೆಚ್ಚಿತು. 1966ರಲ್ಲೂ ದರ 1.58ಕ್ಕೆ ಇಳಿದಿತ್ತು. ಆದರೆ ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸಿಗೆ ಕುತ್ತು ಎಂಬ ಹಳೆಯ ಪಂಚಾಂಗದ ನಂಬಿಕೆ ಅದಕ್ಕೆ ಕಾರಣವಾಗಿತ್ತು. 1989ಕ್ಕೆ ಅಂಥ ಯಾವ ನೆಪವೂ ಇರಲಿಲ್ಲ. 1994ರಲ್ಲಿ ಮಕ್ಕಳ ಪಾಲನೆಗೆ ನೆರವಾಗುವ ‘ಏಂಜೆಲ್ ಪ್ಲಾನ್’ ಬಂತು. ಆಮೇಲೆ ಶಿಶುವಿಹಾರ, ಹೆರಿಗೆ ರಜೆ, ಮಕ್ಕಳ ಭತ್ಯೆ ಎಂದು ಒಂದರ ಮೇಲೊಂದು ಯೋಜನೆಗಳು ಬಂದವು. 2023ರಲ್ಲಿ ಆಗಿನ ಪ್ರಧಾನಿ ಕಿಶಿದಾ ಅವರ ಸರ್ಕಾರ ವರ್ಷಕ್ಕೆ 3.6 ಲಕ್ಷ ಕೋಟಿ ಯೆನ್ ಎತ್ತಿಡುವುದಾಗಿ ಹೇಳಿತು. 2024ರ ದರ 1.15.

ಈ ಯೋಜನೆಗಳು ದಂಡ ಎಂದು ನಾನು ಹೇಳುತ್ತಿಲ್ಲ. ಮಗು ಹೆತ್ತವರಿಗೆ ಶಿಶುವಿಹಾರ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಯಂದಿರೇ ಕಡಿಮೆಯಾಗಿದ್ದಾರೆ. 1973ರಲ್ಲಿ ಅಲ್ಲಿ ಸುಮಾರು 21 ಲಕ್ಷ ಮಕ್ಕಳು ಹುಟ್ಟಿದವು, 1995ರಲ್ಲಿ 12 ಲಕ್ಷಕ್ಕಿಂತ ಕಡಿಮೆ. ಈಗ ಮೂವತ್ತರ ಆಸುಪಾಸಿನಲ್ಲಿರುವ ಹೆಣ್ಣುಮಕ್ಕಳು ಆ 12 ಲಕ್ಷದ ಅರ್ಧ. ನಾಳೆ ಬೆಳಗ್ಗೆಯೇ ಪ್ರತಿಯೊಬ್ಬಳೂ ಎರಡೆರಡು ಹೆರುವಂತಾದರೂ ಇನ್ನು ಹಲವು ದಶಕ ಸಾವು ಹುಟ್ಟನ್ನು ಮೀರಿಯೇ ಇರುತ್ತದೆ. ಯುದ್ಧ ಮುಗಿದ ಮೇಲೆ ವರ್ಷಕ್ಕೆ 26, 27 ಲಕ್ಷದಂತೆ ಹುಟ್ಟಿದ ಪೀಳಿಗೆ ಈಗ ಎಂಬತ್ತರ ಹೊಸ್ತಿಲಲ್ಲಿದೆ. ಈ ಇಳಿತವನ್ನು ನಿಧಾನ ಮಾಡಬಹುದು. ನಮ್ಮ ಕಾಲದಲ್ಲಿ ತಿರುಗಿಸಲಾಗದು.

“ಈಗಿನ ಹುಡುಗಿಯರಿಗೆ ಮದುವೆಯೂ ಬೇಡ, ಮಕ್ಕಳೂ ಬೇಡ”

ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 18ರಿಂದ 34ರ ಅವಿವಾಹಿತರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ, ಗಂಡು ಹೆಣ್ಣು ಇಬ್ಬರೂ, ಮುಂದೆ ಮದುವೆಯಾಗುವ ಇರಾದೆ ಇದೆ ಎಂದಿದ್ದಾರೆ. ಮದುವೆಯಾದ ದಂಪತಿಗಳು ಬಯಸುವ ಮಕ್ಕಳು ಇಂದಿಗೂ ಸರಾಸರಿ ಎರಡರ ಮೇಲೇ. ಮದುವೆಯ ಹೊರಗೆ ಹುಟ್ಟುವ ಮಕ್ಕಳು ಅಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಹಾಗಾಗಿ ಮದುವೆ ತಪ್ಪಿದರೆ ಮಗುವೂ ತಪ್ಪಿದಂತೆ. 2020ರ ಹೊತ್ತಿಗೆ ಐವತ್ತು ವರ್ಷವಾದರೂ ಮದುವೆಯಾಗದ ಗಂಡಸರು ನೂರಕ್ಕೆ 28, ಹೆಂಗಸರು ಸುಮಾರು 18.

1990ರ ದಶಕದಲ್ಲಿ ಆರ್ಥಿಕ ಗುಳ್ಳೆ ಒಡೆದ ಮೇಲೆ ಕಾಯಂ ನೌಕರಿ ಸಿಗದೆ, ಗುತ್ತಿಗೆಯಿಂದ ಗುತ್ತಿಗೆಗೆ ದಾಟುತ್ತಾ ನಲವತ್ತು ಮುಟ್ಟಿದ ಒಂದು ಪೀಳಿಗೆಯೇ ಅಲ್ಲಿದೆ. ಅಂಥ ಗಂಡಿಗೆ ಹೆಣ್ಣು ಸಿಗುವುದು ಕಷ್ಟ. ಹೆಣ್ಣಿಗೋ, ಮದುವೆಯಾದ ಕೂಡಲೇ ಆಫೀಸು, ಅಡುಗೆ, ಮಗು, ಅತ್ತೆ-ಮಾವ ಎಲ್ಲ ಒಟ್ಟಿಗೆ ಹೆಗಲಿಗೇರುತ್ತವೆ. ಗಂಡಸರು ಮನೆಗೆಲಸಕ್ಕೆ ಅತಿ ಕಡಿಮೆ ಕೈಹಾಕುವ ಶ್ರೀಮಂತ ದೇಶಗಳಲ್ಲಿ ಜಪಾನ್ ಒಂದು. ಇದನ್ನೆಲ್ಲ ನೋಡಿ ಹಿಂಜರಿದವಳನ್ನು ಸ್ವಾರ್ಥಿ ಎನ್ನುವುದು ಅನ್ಯಾಯ.

“ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿದ ದೇಶ”

ಅರ್ಧ ನಿಜಗಳಲ್ಲೆಲ್ಲ ದೊಡ್ಡದು ಇದು. 2024ರ ಕೊನೆಗೆ ಜಪಾನಿನಲ್ಲಿ ನೆಲೆಸಿದ್ದ ವಿದೇಶಿ ಪ್ರಜೆಗಳು 37 ಲಕ್ಷಕ್ಕೂ ಹೆಚ್ಚು. ಆ ವರ್ಷದ ಅಕ್ಟೋಬರಿನಲ್ಲಿ ಕೆಲಸದಲ್ಲಿದ್ದ ವಿದೇಶಿಯರು 23 ಲಕ್ಷ, ಅವರಲ್ಲಿ 5.7 ಲಕ್ಷ ಮಂದಿ ವಿಯೆಟ್ನಾಮಿನವರು. ಟೋಕಿಯೊದಲ್ಲಿ ರಾತ್ರಿ ಹನ್ನೊಂದಕ್ಕೆ ಕನ್ವೀನಿಯನ್ಸ್ ಸ್ಟೋರಿಗೆ ಹೋಗಿ ಅನ್ನದ ಉಂಡೆ ಕೊಂಡರೆ, ಗಲ್ಲಾದಲ್ಲಿ ನಿಂತು ಅದನ್ನು ಸ್ಕ್ಯಾನ್ ಮಾಡುವವರು ನೇಪಾಳದ ಅಥವಾ ವಿಯೆಟ್ನಾಮಿನ ವಿದ್ಯಾರ್ಥಿಯಾಗಿರುವುದು ಈಗ ತೀರಾ ಮಾಮೂಲು. ವೀಸಾದ ಪ್ರಕಾರ ಆ ವಿದ್ಯಾರ್ಥಿ ತರಗತಿಗಳು ನಡೆಯುವಾಗ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು.

ಮುಂಬಾಗಿಲು ಮುಚ್ಚಿದ್ದೇನೋ ಹೌದು, ಆದರೆ ಪಕ್ಕದ ಬಾಗಿಲುಗಳನ್ನು ಸರ್ಕಾರವೇ ಒಂದೊಂದಾಗಿ ತೆರೆಯುತ್ತಾ ಬಂತು. 1990ರಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿ ಜಪಾನಿ ಮೂಲದ ಬ್ರೆಜಿಲಿಯನ್ನರಿಗೆ ದಾರಿ ಮಾಡಿತು. ಹಮಮತ್ಸುವಿನ ಕಾರು, ಬೈಕಿನ ಬಿಡಿಭಾಗದ ಕಾರ್ಖಾನೆಗಳು, ಗುನ್ಮಾ ಪ್ರಾಂತದ ಓಯಿಝುಮಿ ಪಟ್ಟಣ ಅವರಿಂದ ತುಂಬಿದವು. 2008ರಲ್ಲಿ ಆರ್ಥಿಕ ಕುಸಿತ ಬಂದ ಮೇಲೆ, ತಲೆಗೆ 3 ಲಕ್ಷ ಯೆನ್, ಅವಲಂಬಿತರಿಗೆ 2 ಲಕ್ಷ ಕೊಡುತ್ತೇವೆ, ಊರಿಗೆ ಹೋಗಿ, ಅದೇ ವೀಸಾದಲ್ಲಿ ಮರಳಬೇಡಿ ಎಂದಿತು ಸರ್ಕಾರ. ಜಪಾನಿನಲ್ಲೇ ಹುಟ್ಟಿ ಶಾಲೆಗೆ ಹೋಗುತ್ತಿದ್ದ ಮಕ್ಕಳೂ ಆ ಅವಲಂಬಿತರಲ್ಲಿದ್ದರು.

1993ರಲ್ಲಿ ತೆರೆದ ಇನ್ನೊಂದು ಬಾಗಿಲು ‘ತಾಂತ್ರಿಕ ತರಬೇತಿ’. ಬಡ ದೇಶಗಳಿಗೆ ಕೌಶಲ ದಾನ ಮಾಡುವುದು ಅದರ ಘೋಷಿತ ಉದ್ದೇಶ. ನಿಜವಾಗಿ ಆ ‘ತರಬೇತಿ’ ಪಡೆದವರು ಹಿರೋಶಿಮಾ ಕಡಲತೀರದಲ್ಲಿ ಸಿಂಪಿ ಬಿಡಿಸಿದರು, ನಗಾನೊ ಬೆಟ್ಟಗಳಲ್ಲಿ ಲೆಟಿಸ್ ಕೊಯ್ದರು, ಸಣ್ಣ ಹೊಲಿಗೆ ಕಾರ್ಖಾನೆಗಳಲ್ಲಿ ರಾತ್ರಿವರೆಗೆ ಕುಳಿತರು. ಅರ್ಧಕ್ಕೂ ಹೆಚ್ಚು ಮಂದಿ ಏಜೆಂಟರಿಗೆ ಕೊಡಲು ಸಾಲ ಮಾಡಿಕೊಂಡೇ ವಿಮಾನ ಹತ್ತಿದವರು. ಮಾಲೀಕ ಬಡಿದರೂ ಸಂಬಳ ಹಿಡಿದರೂ ಬೇರೆ ಕಡೆ ಸೇರುವುದು ಬಹಳ ಕಷ್ಟವಿತ್ತು. ಹಲವರಿಗೆ ಉಳಿದದ್ದು ಓಡಿಹೋಗುವುದೊಂದೇ. 2023ರಲ್ಲಿ ಹಾಗೆ ಕಣ್ಮರೆಯಾದವರು 9,700ಕ್ಕೂ ಹೆಚ್ಚು. 2024ರಲ್ಲಿ ಸಂಸತ್ತು ಈ ಪದ್ಧತಿಯನ್ನು ರದ್ದು ಮಾಡುವ ಕಾನೂನು ಪಾಸು ಮಾಡಿತು. ಅದರ ಬದಲಿ ವ್ಯವಸ್ಥೆ ಜಾರಿಗೆ ಬರುವುದು 2027ರಲ್ಲಿ. ಷರತ್ತುಗಳಿಗೆ ಒಳಪಟ್ಟು ಮಾಲೀಕನನ್ನು ಬದಲಿಸುವ ಅವಕಾಶ ಅದರಲ್ಲಿದೆ.

2019ರಲ್ಲಿ ‘ನಿರ್ದಿಷ್ಟ ಕೌಶಲ’ ವೀಸಾ ಶುರುವಾದಾಗ ಪ್ರಧಾನಿ ಶಿಂಝೊ ಅಬೆ ಇದು ವಲಸೆ ನೀತಿಯಲ್ಲ ಎಂದು ಒತ್ತಿ ಹೇಳಿದರು. ಈ ನಿರಾಕರಣೆಗೆ ಬೆಲೆ ತೆತ್ತವರು ಮಕ್ಕಳು. ವಲಸಿಗರೇ ಇಲ್ಲ ಎಂದ ಮೇಲೆ ಅವರ ಮಕ್ಕಳಿಗೆ ಭಾಷೆ ಕಲಿಸುವ ಹೊಣೆ ಯಾರದು? ಕಡ್ಡಾಯ ಶಿಕ್ಷಣದ ಕಾನೂನು ಅಲ್ಲಿ ವಿದೇಶಿ ಮಕ್ಕಳಿಗೆ ಅನ್ವಯಿಸುವುದಿಲ್ಲ. 2019ರಲ್ಲಿ ಶಿಕ್ಷಣ ಇಲಾಖೆ ಮೊದಲ ಬಾರಿಗೆ ದೇಶಾದ್ಯಂತ ಲೆಕ್ಕ ತೆಗೆದಾಗ, ಸುಮಾರು 20 ಸಾವಿರ ವಿದೇಶಿ ಮಕ್ಕಳು ಶಾಲೆಯಲ್ಲಿಲ್ಲದಿರಬಹುದು ಎಂದು ಗೊತ್ತಾಯಿತು. ಅಷ್ಟು ವರ್ಷ ಅವರನ್ನು ಎಣಿಸಿಯೂ ಇರಲಿಲ್ಲ.

“ವಲಸಿಗರನ್ನು ಕರೆತಂದರೆ ಎಲ್ಲ ಸರಿಹೋಗುತ್ತದೆ”

ವಲಸೆಯ ಪರ ಇರುವವರು ಆಡುವ ತಪ್ಪು ಮಾತು ಇದು. ನಾನೂ ವಲಸೆಯ ಪರವೇ ಇದ್ದೇನೆ, ಆದರೂ ಲೆಕ್ಕ ಲೆಕ್ಕವೇ. 2000ದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಈ ಗಣಿತ ಮಾಡಿ ನೋಡಿತು. ಜಪಾನಿನ ಜನಸಂಖ್ಯೆ ಶಿಖರದಲ್ಲೇ ನಿಲ್ಲಬೇಕಾದರೆ 2050ರೊಳಗೆ 1.7 ಕೋಟಿ ವಲಸಿಗರು ಬೇಕು. ದುಡಿಯುವ ವಯಸ್ಸಿನವರ ಸಂಖ್ಯೆ ಕುಗ್ಗಬಾರದೆಂದರೆ 3.3 ಕೋಟಿಗೂ ಹೆಚ್ಚು. ಇನ್ನು ಒಬ್ಬ ವೃದ್ಧನಿಗೆ ಇಷ್ಟು ಮಂದಿ ದುಡಿಯುವವರು ಎಂಬ ಅನುಪಾತವನ್ನೇ ಕಾಯ್ದುಕೊಳ್ಳುತ್ತೇವೆಂದರೆ 55 ಕೋಟಿ! ಬಂದವರಿಗೂ ವಯಸ್ಸಾಗುತ್ತದೆಯಲ್ಲ.

ಹಾಗಾದರೆ ವಲಸೆಯಿಂದ ಏನು ಪ್ರಯೋಜನ? ಇಳಿತ ನಿಧಾನವಾಗುತ್ತದೆ, ಆಸ್ಪತ್ರೆ, ಬಸ್ಸು, ಹೊಲ ನಿಲ್ಲದೆ ನಡೆಯುತ್ತವೆ. ಅದು ಸಣ್ಣ ಮಾತಲ್ಲ. ಅಲ್ಲಿನ ಜನಸಂಖ್ಯಾ ಸಂಶೋಧನಾ ಸಂಸ್ಥೆಯ 2023ರ ಅಂದಾಜಿನ ಪ್ರಕಾರ 2070ಕ್ಕೆ ಜಪಾನಿನ ಜನ 8.7 ಕೋಟಿ, ಅವರಲ್ಲಿ ಹತ್ತಕ್ಕೊಬ್ಬರು ವಿದೇಶಿ ಪ್ರಜೆಗಳು. ಇಳಿತ, ವಲಸೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಜಪಾನಿಗಿಲ್ಲ. ಎರಡೂ ಒಟ್ಟಿಗೇ ಬರುತ್ತಿವೆ.

“ಮುದುಕರನ್ನು ರೋಬೊ ನೋಡಿಕೊಳ್ಳುತ್ತದೆ”

ಸೀಲ್ ಮರಿಯಂತಿರುವ ‘ಪಾರೊ’ ರೋಬೊವನ್ನು ಅಜ್ಜಿ ಮಡಿಲಲ್ಲಿಟ್ಟುಕೊಂಡ ಫೋಟೊ ಎಲ್ಲರೂ ನೋಡಿದ್ದೇವೆ. ಜಪಾನಿನ ಆರೈಕೆ ಕೇಂದ್ರವೊಂದರಲ್ಲಿ ಕುಳಿತು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೇಮ್ಸ್ ರೈಟ್ 2023ರ ತಮ್ಮ ಪುಸ್ತಕದಲ್ಲಿ ಬೇರೆಯೇ ಚಿತ್ರ ಕೊಡುತ್ತಾರೆ: ರೋಗಿಯನ್ನು ಎತ್ತುವ ಯಂತ್ರವನ್ನು ತರುವುದು, ಹೊಂದಿಸುವುದು, ತೊಳೆಯುವುದು, ಮತ್ತೆ ಒಳಗಿಡುವುದು, ಇದೆಲ್ಲ ಸಿಬ್ಬಂದಿಗೆ ಹೊಸ ಕೆಲಸವೇ ಆಯಿತು. 2040ಕ್ಕೆ ಇನ್ನೂ 5.7 ಲಕ್ಷ ಆರೈಕೆ ಸಿಬ್ಬಂದಿ ಬೇಕೆಂದು ಆರೋಗ್ಯ ಇಲಾಖೆಯೇ ಅಂದಾಜು ಮಾಡಿದೆ.

ಕೈಗೆ ಬಂದವರನ್ನು ಜಪಾನ್ ಹೇಗೆ ಕಳೆದುಕೊಂಡಿತು ಎಂಬುದಕ್ಕೆ ಒಂದು ಪರೀಕ್ಷೆಯ ಕಥೆ ಸಾಕು. 2008ರಲ್ಲಿ ಒಪ್ಪಂದದ ಮೇರೆಗೆ ಇಂಡೊನೇಷ್ಯಾದಿಂದ ನರ್ಸುಗಳು ಬಂದರು. ಊರಿನಲ್ಲಿ ಓದಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಪಳಗಿದವರು. ಜಪಾನಿನಲ್ಲಿ ನರ್ಸ್ ಎನಿಸಿಕೊಳ್ಳಲು ಜಪಾನಿಯರು ಬರೆಯುವ ಪರೀಕ್ಷೆಯನ್ನೇ ಅದೇ ಲಿಪಿಯಲ್ಲಿ, ಅಷ್ಟೇ ಸಮಯದಲ್ಲಿ ಬರೆಯಬೇಕಿತ್ತು. 2009ರಲ್ಲಿ 82 ಮಂದಿ ಕುಳಿತರು, ಒಬ್ಬರೂ ಪಾಸಾಗಲಿಲ್ಲ. ಮರುವರ್ಷ ಫಿಲಿಪೀನ್ಸಿನವರೂ ಸೇರಿ 254 ಮಂದಿ ಕುಳಿತರು, ಪಾಸಾದವರು ಮೂವರು. ಆಮೇಲೆ ಕಠಿಣ ಅಕ್ಷರಗಳ ಪಕ್ಕ ಉಚ್ಚಾರಣೆ ಬರೆದುಕೊಟ್ಟರು, ಹೆಚ್ಚು ಸಮಯ ಕೊಟ್ಟರು, ಫಲಿತಾಂಶ ಸುಧಾರಿಸಿತು. ಮೊದಲೇ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

“ವಿದೇಶಿಯರು ಹೆಚ್ಚಿದಂತೆ ಅಪರಾಧವೂ ಹೆಚ್ಚಿತು”

ಇಲ್ಲ. ವಿದೇಶಿಯರ ಬಂಧನದ ಸಂಖ್ಯೆ ಶಿಖರ ಮುಟ್ಟಿದ್ದು 2005ರಲ್ಲಿ. ಆಗ ಅಲ್ಲಿದ್ದ ವಿದೇಶಿಯರು ಸುಮಾರು 20 ಲಕ್ಷ. ನಂತರ ಅವರ ಸಂಖ್ಯೆ ಹತ್ತಿರಹತ್ತಿರ ಇಮ್ಮಡಿಯಾಯಿತು, ಬಂಧನಗಳು ಆ ಶಿಖರಕ್ಕಿಂತ ಎಷ್ಟೋ ಕೆಳಗೇ ಉಳಿದವು. ಆದರೂ 2025ರ ಜುಲೈನಲ್ಲಿ ‘ಜಪಾನಿಯರು ಮೊದಲು’ ಎಂದು ಕೂಗಿದ ಸನ್ಸೇತೊ ಪಕ್ಷ ಮೇಲ್ಮನೆ ಚುನಾವಣೆಯಲ್ಲಿ 14 ಸ್ಥಾನ ಗೆದ್ದಿತು.

“ಜನ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?”

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕುಳಿತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಜನ ಎಲ್ಲ ಕಡೆ ಸಮನಾಗಿ ಕಡಿಮೆಯಾಗುವುದಿಲ್ಲ. ಯುವಕರು ಟೋಕಿಯೊ ಸೇರುತ್ತಾರೆ, ಟೋಕಿಯೊ ತುಂಬಿಯೇ ಇರುತ್ತದೆ, ಖಾಲಿಯಾಗುವುದು ಉಳಿದ ಊರುಗಳು. ಹೊಕ್ಕೈಡೊದ ಯುಬಾರಿ ಕಲ್ಲಿದ್ದಲು ಗಣಿಗಳ ಊರಾಗಿತ್ತು. 1960ರ ಸುಮಾರಿಗೆ ಅಲ್ಲಿ 1.17 ಲಕ್ಷ ಜನರಿದ್ದರು. ಗಣಿಗಳು ಮುಚ್ಚಿದವು, ಜನ ಹೊರಟರು, 2007ರಲ್ಲಿ ನಗರಸಭೆ ದಿವಾಳಿಯೆದ್ದಿತು. ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಒಂದಾದವು, ಆಸ್ಪತ್ರೆ ಕ್ಲಿನಿಕ್ ಆಯಿತು, ತೆರಿಗೆ ಏರಿತು. ಈಗ ಅಲ್ಲಿರುವವರು 7 ಸಾವಿರಕ್ಕಿಂತ ಕಡಿಮೆ. ಜನ ಕಡಿಮೆಯಾದರೆಂದು ನೀರಿನ ಪೈಪು ಗಿಡ್ಡವಾಗುವುದಿಲ್ಲ, ಹಿಮ ಬೀಳುವುದು ನಿಲ್ಲುವುದಿಲ್ಲ. ರಸ್ತೆಯ ಹಿಮ ಸರಿಸುವ ಖರ್ಚನ್ನು ಇದ್ದವರೇ ಹಂಚಿಕೊಳ್ಳಬೇಕು, ಇದ್ದವರಲ್ಲಿ ಹೆಚ್ಚಿನವರು ಪಿಂಚಣಿಯಲ್ಲಿ ಬದುಕುವವರು. 2023ರ ವಸತಿ ಸಮೀಕ್ಷೆಯಲ್ಲಿ ದೇಶದಾದ್ಯಂತ ಖಾಲಿ ಬಿದ್ದ ಮನೆಗಳು 90 ಲಕ್ಷ.

“ಕರೆದರೆ ಸಾಕು, ಬಡ ದೇಶದವರು ಸಾಲುಗಟ್ಟಿ ಬರುತ್ತಾರೆ”

ಈ ಭ್ರಮೆ ಈಗಾಗಲೇ ಒಡೆಯುತ್ತಿದೆ. 2022ರಿಂದ ಯೆನ್ ಕುಸಿದಂತೆ, ಅದೇ ದುಡಿಮೆಯಿಂದ ಊರಿಗೆ ಹೋಗುವ ಹಣ ಕರಗಿತು. ದಕ್ಷಿಣ ಕೊರಿಯಾ, ತೈವಾನ್ ಕೂಡ ಇದೇ ಕೆಲಸಗಾರರಿಗಾಗಿ ಕೈಚಾಚುತ್ತಿವೆ. 2024ರಲ್ಲಿ ಕೊರಿಯಾದ ಫಲವತ್ತತೆ ದರ 0.75, ಜಪಾನಿಗಿಂತಲೂ ಕೆಳಗೆ. ಜಪಾನಿಗೆ ಅತಿ ಹೆಚ್ಚು ಕೆಲಸಗಾರರನ್ನು ಕಳಿಸುವ ವಿಯೆಟ್ನಾಮಿನಲ್ಲೂ ದರ ಎರಡಕ್ಕಿಂತ ಕೆಳಗಿಳಿದು, 2025ರಲ್ಲಿ ಅಲ್ಲಿನ ಸರ್ಕಾರ ಎರಡು ಮಕ್ಕಳ ಮಿತಿಯನ್ನೇ ತೆಗೆದುಹಾಕಿತು. ನಮ್ಮ ಕರ್ನಾಟಕದ ದರ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7. ಕೊಡಗಿನ ಕಾಫಿ ತೋಟಗಳಲ್ಲಿ ಆಗಲೇ ಅಸ್ಸಾಮಿನವರು ಹಣ್ಣು ಕೊಯ್ಯುತ್ತಿದ್ದಾರೆ.

2025ರ ಆಗಸ್ಟಿನಲ್ಲಿ ಭಾರತ ಮತ್ತು ಜಪಾನ್, ಐದು ವರ್ಷಗಳಲ್ಲಿ 5 ಲಕ್ಷ ಜನರ ವಿನಿಮಯದ ಯೋಜನೆಗೆ ಒಪ್ಪಿದವು. ಅದರಲ್ಲಿ ಭಾರತದಿಂದ ಹೋಗುವ ಕುಶಲ ಕೆಲಸಗಾರರು 50 ಸಾವಿರ. ಮಂಗಳೂರಿನ ನರ್ಸಿಂಗ್ ಕಾಲೇಜಿನಿಂದ ಹೊರಬರುವ ಹುಡುಗಿ ಇದನ್ನು ಹೇಗೆ ನೋಡಿಯಾಳು? ಗಲ್ಫಿಗೋ ಬ್ರಿಟನ್ನಿಗೋ ಹೋದರೆ ಭಾಷೆಯ ಮಟ್ಟಿಗೆ ಇಂಗ್ಲಿಷ್ ಸಾಕು. ಜಪಾನಿಗಾದರೆ ಮೊದಲು ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕು. ‘ನಿರ್ದಿಷ್ಟ ಕೌಶಲ’ದ ಮೊದಲ ಹಂತದ ವೀಸಾದಲ್ಲಿ ಆರೈಕೆ ಕೆಲಸಕ್ಕೆ ಹೋದವಳು ಐದು ವರ್ಷ ಗಂಡನನ್ನೂ ಮಗುವನ್ನೂ ಕರೆಸಿಕೊಳ್ಳುವಂತಿಲ್ಲ. ಮಕ್ಕಳಿಲ್ಲದೆ ಊರುಗಳು ಖಾಲಿಯಾಗುತ್ತಿವೆ ಎಂದು ಕೊರಗುವ ದೇಶ, ಇಪ್ಪತ್ತಾರರ ಹೆಣ್ಣುಮಗಳಿಗೆ ನೀನು ಬಾ, ನಿನ್ನ ಮಗು ಬೇಡ ಎನ್ನುತ್ತಿದೆ. ‘ತಾಂತ್ರಿಕ ತರಬೇತಿ’ಯನ್ನು ರದ್ದು ಮಾಡುವ 2024ರ ಕಾನೂನು ಮಾಲೀಕನನ್ನು ಬದಲಿಸುವ ಹಕ್ಕನ್ನೇನೋ ಕೊಟ್ಟಿತು, ಈ ಷರತ್ತನ್ನು ಮುಟ್ಟಲಿಲ್ಲ.