ಹಿತ್ತಲ ಗಿಡಗಳ ಜೇಡನುಸಿಯೂ ಅದರ ನಿವಾರಣೆಯೂ

ಬೇಲೂರು ತಾಲ್ಲೂಕಿನಲ್ಲಿ ಹಳೇಬೀಡಿಗೆ ಸಮೀಪವಾಗಿರುವ ಹುಲಿಕೆರೆಯು ಹೊಯ್ಸಳರ ಕಾಲದ ಕಲ್ಲಿನ ಕಲ್ಯಾಣಿಯಿಂದ ಹೆಸರಾದ ಗ್ರಾಮ. ಅದರ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಿಮೆಯಾಗಿ ಅರಸೀಕೆರೆಯ ತೆಂಗಿನ ಬಯಲು ಎದುರಾಗುತ್ತದೆ. ಈ ಸೀಮೆಯ ಮನೆಗಳ ಹಿತ್ತಲಲ್ಲಿ ಬದನೆ, ಬೆಂಡೆ, ಹುರುಳಿಕಾಯಿ, ಚಪ್ಪರದವರೆ, ಒಂದೆರಡು ಗುಲಾಬಿ, ದಾಸವಾಳ ಇವು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಶಿವರಾತ್ರಿ ಕಳೆದು ಬಿಸಿಲು ಬಲಿತಂತೆ ಇವುಗಳ ಎಲೆಗಳು ಮೊದಲು ಸೂಜಿಯಿಂದ ಚುಚ್ಚಿದಂತೆ ಬಿಳಿಯ ಚುಕ್ಕೆಗಳಾಗಿ, ಅನಂತರ ಹಳದಿಗಟ್ಟಿ, ಕಂದಿ ಉದುರತೊಡಗುವುದುಂಟು. ಮನೆಯವರು ನೀರು ಸಾಲದೆಂದೋ ಗೊಬ್ಬರ ಸಾಲದೆಂದೋ ತಿಳಿಯುತ್ತಾರೆ. ಕೆಲವರು ತೆಂಗಿನ ನುಸಿಯೇ ಹಿತ್ತಲಿಗೆ ಇಳಿಯಿತೆಂದು ಹೆದರಿ, ತೋಟಕ್ಕೆಂದು ತಂದಿಟ್ಟ ವಿಷದ ಸೀಸೆಗೆ ಕೈ ಹಾಕುತ್ತಾರೆ. ಈ ಕಡೆಯ ಕೆಲಸವು ಪೀಡೆಗಿಂತಲೂ ಹೆಚ್ಚು ಅಪಾಯಕರವಾದುದರಿಂದ, ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಉಚಿತವಾಗಿದೆ.

ತೆಂಗಿನ ನುಸಿಯ ಭಯವು ಕಾರಣವಿಲ್ಲದ್ದಲ್ಲ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡ ಆ ಪೀಡೆಯು ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೆಂಗಿನ ಸೀಮೆಗಳಿಗೂ ಹಬ್ಬಿತು. ಕಾಯಿಗಳ ಮೇಲೆ ಕಂದು ಬಣ್ಣದ ಮಚ್ಚೆಗಳೂ ಬಿರುಕುಗಳೂ ಬಿದ್ದು, ಗಾತ್ರ ಕುಗ್ಗಿ, ಸಿಪ್ಪೆ ಸುಲಿಯುವುದೇ ಕಷ್ಟವಾದ ಆ ದಿನಗಳನ್ನು ತೋಟದವರು ಮರೆತಿಲ್ಲ. ಆದರೆ ತೆಂಗಿನ ನುಸಿಯೂ ಹಿತ್ತಲಿನ ಜೇಡನುಸಿಯೂ ಬೇರೆ ಬೇರೆ. ಮೊದಲನೆಯದು ಹುಳುವಿನಂತೆ ನೀಳವಾಗಿದ್ದು ಎರಡೇ ಜೊತೆ ಕಾಲುಗಳುಳ್ಳದ್ದು. ಎಳೆಗಾಯಿಯ ತೊಟ್ಟಿನ ಬಟ್ಟಲಿನೊಳಗೆ ಅಡಗಿ ಬಾಳತಕ್ಕದ್ದು. ಆ ಗುಂಪಿನ ನುಸಿಗಳನ್ನು ಕುರಿತು ಬೆಂಗಳೂರಿನ ಹೆಬ್ಬಾಳದಲ್ಲಿ ಜಿ. ಪಿ. ಚನ್ನಬಸವಣ್ಣನವರು 1966ರಷ್ಟು ಹಿಂದೆಯೇ ಗ್ರಂಥ ಬರೆದಿದ್ದರು. ಅದು ತೆಂಗಿನ ಮರದಿಂದ ಬದನೆಗೆ ಇಳಿಯುವುದಿಲ್ಲ. ಬದನೆಯ ನುಸಿಯು ತೆಂಗಿನ ಕಾಯಿಯನ್ನು ಕೆಡಿಸುವುದೂ ಇಲ್ಲ. ಇಷ್ಟನ್ನು ಗ್ರಾಮದ ಹಿರಿಯರು ಮನೆಮನೆಗೆ ತಿಳಿಸಿದರೆ ಅರ್ಧ ಗಾಬರಿಯು ಕಳೆಯುವುದು.

ಜೇಡನುಸಿಯು ಕೀಟವೇ ಅಲ್ಲ. ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿ. ಬೆಳೆದದ್ದಕ್ಕೆ ಎಂಟು ಕಾಲುಗಳಿರುತ್ತವೆ. ಗಾತ್ರವು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಎಲೆಯ ಕೆಳಮುಖದಲ್ಲಿ ಕುಳಿತು ರಸ ಹೀರುತ್ತದೆ; ಹೆಚ್ಚಿದಾಗ ಎಲೆಗೂ ಕುಡಿಗೂ ನವಿರಾದ ಬಲೆ ನೇಯುತ್ತದೆ. ಹೆಣ್ಣೊಂದು ನೂರರಷ್ಟು ಮೊಟ್ಟೆಗಳನ್ನಿಡಬಲ್ಲುದು. ಬೇಸಗೆಯ ಬಿಸಿಲಿನಲ್ಲಿ ಮೊಟ್ಟೆಯೊಡೆದು ಬೆಳೆದು ತಾನೇ ಮೊಟ್ಟೆಯಿಡುವ ಹೊತ್ತಿಗೆ ಒಂದೂವರೆ ವಾರವೂ ಹಿಡಿಯುವುದಿಲ್ಲ. ಹೀಗಿರುವಾಗ ಸೋಮವಾರದ ಸಂತೆಗೆ ಹೋಗುವಾಗ ಚೆನ್ನಾಗಿದ್ದ ಗಿಡವು ಎರಡು ಸಂತೆ ಕಳೆಯುವಷ್ಟರಲ್ಲಿ ಬೋಳಾಯಿತೆಂದರೆ ಆಶ್ಚರ್ಯವೇನು?

ಪರೀಕ್ಷೆಯು ಸುಲಭ. ಸಂಶಯವಾದ ಎಲೆಯ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಎಲೆಯನ್ನು ಬೆರಳಿನಿಂದ ತಟ್ಟಬೇಕು. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ಹರಿದಾಡತೊಡಗಿದರೆ ಅದು ನುಸಿಯೇ ಸರಿ. ನೀರಿನ ಕೊರತೆಯಿಂದ ಬಾಡಿದ ಗಿಡದಲ್ಲಿ ಹೀಗೆ ಕಾಣುವುದಿಲ್ಲ.

ಇನ್ನು ವಿಷದ ಮಾತು. ಪ್ರಪಂಚದ ಅನೇಕ ದೇಶಗಳಲ್ಲಿ 1940ರ ದಶಕದ ಮಧ್ಯದಿಂದ ಡಿ.ಡಿ.ಟಿ.ಯನ್ನು ತೋಟಗಳಿಗೆ ಸಿಂಪಡಿಸತೊಡಗಿದಾಗ ಕೀಟಗಳು ಸತ್ತವು. ಆದರೆ ಅದುವರೆಗೆ ಅಲ್ಪವೆನಿಸಿದ್ದ ಜೇಡನುಸಿಗಳು ದೊಡ್ಡ ಪೀಡೆಯಾಗಿ ಎದ್ದವು. ಕಾರಣವೇನೆಂದರೆ, ನುಸಿಯನ್ನೇ ತಿಂದು ಬಾಳುವ ಬೇರೊಂದು ಜಾತಿಯ ನುಸಿಗಳೂ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಜೀರುಂಡೆಯೂ ಎಲೆಗಳ ಮೇಲೆ ಸದಾ ಕಾವಲಿರುತ್ತವೆ. ವಿಷವು ಮೊದಲು ಈ ಕಾವಲುಗಾರರನ್ನು ಕೊಲ್ಲುತ್ತದೆ. ಕಳ್ಳನು ಎಲೆಯ ಅಡಿಯಲ್ಲಿ ಬಲೆಯ ಮರೆಯಲ್ಲಿ ಉಳಿಯುತ್ತಾನೆ. ಇಂದು ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಪೈರಿಥ್ರಾಯ್ಡ್ ಜಾತಿಯ ಔಷಧಗಳಿಂದಲೂ ಇದೇ ಫಲ. ಅಲ್ಲದೆ ಹಿತ್ತಲ ಕಾಯಿಯನ್ನು ಮರುದಿನವೇ ಕೊಯ್ದು ಮಕ್ಕಳಿಗೆ ಬಡಿಸುವ ರೂಢಿಯುಂಟು. ಮಾನೋಕ್ರೋಟೋಫಾಸನ್ನು ತರಕಾರಿಗಳಿಗೆ ಬಳಸುವುದನ್ನು ಭಾರತ ಸರ್ಕಾರವು 2005ರಲ್ಲಿಯೇ ನಿಷೇಧಿಸಿದೆ. ನುಸಿಗೆಂದೇ ಬಹುಕಾಲ ಮಾರಾಟವಾಗುತ್ತಿದ್ದ ಡೈಕೋಫಾಲಿಗೆ 2023ರಲ್ಲಿ ನಿಷೇಧ ಬಿದ್ದಿತು. ಹಳೆಯ ಸೀಸೆಗಳು ಅಟ್ಟದ ಮೇಲೆ ಉಳಿದಿದ್ದರೆ ಅವು ಹಿತ್ತಲಿಗೆ ಇಳಿಯದಂತೆ ಯಜಮಾನರು ನೋಡಿಕೊಳ್ಳತಕ್ಕದ್ದು.

ಜೇಡನುಸಿಗೆ ಧೂಳೂ ಒಣಹವೆಯೂ ಮಿತ್ರರು, ನೀರು ಶತ್ರು. ಬುಡಕ್ಕೆ ಹಾಕಿದ ನೀರು ಗಿಡವನ್ನು ಬದುಕಿಸೀತು, ನುಸಿಯನ್ನು ತೊಳೆಯದು. ಬೆಳಗಿನ ತಂಪಿನಲ್ಲಿ ಕೈಪಂಪಿನಿಂದ ಎಲೆಯ ಕೆಳಮುಖಕ್ಕೇ ರಭಸವಾಗಿ ನೀರು ಹೊಡೆಯಬೇಕು. ದಿನ ಬಿಟ್ಟು ದಿನದಂತೆ ಒಂದೆರಡು ವಾರ ಹೀಗೆ ಮಾಡಿದರೆ, ಪೀಡೆಯು ಇನ್ನೂ ಎಳೆಯದಾಗಿದ್ದಲ್ಲಿ ಬೇರೆ ಔಷಧವೇ ಬೇಕಾಗದೆ ಹೋಗಬಹುದು. ಬೇಸಗೆಯಲ್ಲಿ ಕುಡಿಯುವ ನೀರಿಗೇ ತೊಂದರೆಯಿರುವಾಗ ಇದು ಹೇಗೆಂದು ಕೇಳುವವರುಂಟು. ಹಿತ್ತಲ ಹತ್ತು ಗಿಡಗಳಿಗೆ ಬೇಕಾಗುವುದು ಒಂದೆರಡು ಕೊಡ ಮಾತ್ರ. ಅದೂ ಜಾರಿ ಬುಡಕ್ಕೇ ಸೇರುತ್ತದೆ. ಅನೇಕರು ಎಲ್ಲ ಹುಳುವಿಗೂ ಒಲೆಯ ಬೂದಿಯನ್ನು ಎರಚುತ್ತಾರೆ. ಹೇನಿಗೆ ಅದು ಹೇಗಾದರೂ ಇರಲಿ, ನುಸಿಯಿರುವ ಎಲೆಯ ಅಡಿಗೆ ಬೂದಿಯು ಮುಟ್ಟುವುದೇ ಇಲ್ಲ.

ನೀರಿನಿಂದ ತಗ್ಗದಿದ್ದರೆ ಬೇವು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಸಾಕು. ಎಣ್ಣೆಯನ್ನು ಮೊದಲು ಸ್ವಲ್ಪ ಸಾಬೂನು ನೀರಿನಲ್ಲಿ ಬಿಳಿಯಾಗುವಂತೆ ಕದಡಿಕೊಂಡು ಅನಂತರ ಉಳಿದ ನೀರನ್ನು ಬೆರೆಸಬೇಕು. ಇಲ್ಲವಾದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಮನೆಯಲ್ಲಿ ಬೇವಿನ ಬೀಜವಿದ್ದವರು 50 ಗ್ರಾಂ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ ಬಳಸಬಹುದು. ಸಂಜೆಯಲ್ಲಿಯೇ ಸಿಂಪಡಿಸುವುದು ಲೇಸು. ಒಮ್ಮೆ ಹೊಡೆದು ಫಲವಿಲ್ಲವೆಂದು ಬಿಡಬಾರದು: ಉಳಿದ ಮೊಟ್ಟೆಗಳು ಕೆಲವು ದಿನಗಳಲ್ಲಿ ಒಡೆಯುವುದರಿಂದ ಐದಾರು ದಿನಕ್ಕೊಮ್ಮೆಯಂತೆ ಮೂರು ಸಲವಾದರೂ ಹೊಡೆಯತಕ್ಕದ್ದು.

ಗುಲಾಬಿ, ಬೆಂಡೆಗಳಲ್ಲಿ ಪೀಡೆಯು ಮಿತಿಮೀರಿದ್ದರೆ ನೀರಿನಲ್ಲಿ ಕದಡುವ ಗಂಧಕದ ಪುಡಿಯನ್ನು ಲೀಟರಿಗೆ 3 ಗ್ರಾಮಿನಂತೆ ಉಪಯೋಗಿಸಬಹುದು. ಸುಡುಬಿಸಿಲಿನಲ್ಲಿ ಗಂಧಕವು ಎಲೆಯನ್ನು ಸುಡುತ್ತದೆ. ಬೇವಿನೆಣ್ಣೆ ಹೊಡೆದ ಗಿಡಕ್ಕೆ ಕನಿಷ್ಠ ಎರಡು ವಾರ ಕಳೆಯುವವರೆಗೆ ಅದನ್ನು ಮುಟ್ಟಿಸಬಾರದು. ಸೌತೆ, ಹೀರೆ, ಕುಂಬಳದ ಬಳ್ಳಿಗಳಿಗೆ ಅದು ಆಗುವುದೇ ಇಲ್ಲ.

ಒಂದು ಹಿತ್ತಲು ಶುದ್ಧವಾಗಿ ಪಕ್ಕದ್ದು ಕೆಟ್ಟಿದ್ದರೆ ಪ್ರಯೋಜನವಿಲ್ಲ. ನುಸಿಯು ಬಲೆಯ ಎಳೆಯೊಡನೆ ಗಾಳಿಯಲ್ಲಿ ತೇಲಿ ಬರುತ್ತದೆ. ಬೇಲಿಯ ಸಾಲಿನ ಹರಳು ಗಿಡವು ಅದರ ನೆಚ್ಚಿನ ಬೀಡುಗಳಲ್ಲೊಂದು. ಬೇಸಗೆಗೆ ಮುಂಚೆ ಆ ಗಿಡಗಳ ಎಲೆಗಳನ್ನು ನೋಡಿ, ಪೀಡೆಯಿದ್ದ ಕೊಂಬೆಗಳನ್ನು ಕಡಿಸಬೇಕು. ಬಂಡಿ, ಟ್ರ್ಯಾಕ್ಟರುಗಳು ಓಡಾಡುವ ಮಣ್ಣು ಬೀದಿಯ ಅಂಚಿನ ಹಿತ್ತಲುಗಳಿಗೆ ಧೂಳು ಹೆಚ್ಚಾದುದರಿಂದ ಪೀಡೆಯನ್ನು ಅಲ್ಲಿಯೇ ಮೊದಲು ಹುಡುಕತಕ್ಕದ್ದು. ಸೊರಗಿದ ಗಿಡವೆಂದು ಯೂರಿಯಾ ಸುರಿದರೆ ಎಲೆಯ ರಸವು ನುಸಿಗೆ ಇನ್ನಷ್ಟು ಹಿತವಾಗುತ್ತದೆ. ಕೊಟ್ಟಿಗೆ ಗೊಬ್ಬರವೇ ಸಾಕು. ಫಸಲು ಮುಗಿದ ಬದನೆ, ಬೆಂಡೆ ಗಿಡಗಳನ್ನು ಒಣಗಲು ಬೇಲಿಗೆ ಒರಗಿಸಿಡದೆ, ಕಿತ್ತ ದಿನವೇ ಗೊಬ್ಬರದ ಗುಂಡಿಯಲ್ಲಿ ಹಾಕಿ ಮೇಲೆ ಮಣ್ಣು ಮುಚ್ಚಬೇಕು.